ಗವಿರಂಗ ಅವ್ವನ ಕಾಲಿಗೆ ಪರಿಹಾರ ತಂದದ್ದು

ಕೂತ್ಕೊಳ್ಳಿ, ಕಾಲು ಮಡಚಿ ಕೂತ್ಕೊಳ್ಳಿ. ಇದು ಕಾಲಿನ ಕತೆ. ಮಡಚೋಕೆ ಬರುವಾಗಲೇ ಮಡಚಿಕೊಂಡುಬಿಡಬೇಕು.

ಒಂದು ಪೇಟೆ. ಆ ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡ್ಲೆಕಾಯಿ ಮಾರುವ ಮರಿಹೊನ್ನಮ್ಮ. ಅವಳಿಗೊಬ್ಬನೇ ಮಗ, ಗವಿರಂಗ. ಆಳು ನೋಡಿದರೆ ಬಾಗಿಲಷ್ಟು ಎತ್ತರ, ಬುದ್ಧಿ ನೋಡಿದರೆ ಇನ್ನೂ ಹೊಸ್ತಿಲು ದಾಟಿಲ್ಲ. ಹೇಳಿದ ಮಾತು ಮೀರುವವನಲ್ಲ. ತೊಂದರೆ ಇರೋದೇ ಅಲ್ಲಿ! ಹೇಳಿದ್ದನ್ನೇ ಮಾಡ್ತಾನೆ.

ಅವನಿಗೆ ಅವಳು ಚಿಕ್ಕಂದಿನಲ್ಲೇ ಒಂದು ಮರ್ಯಾದೆ ಕಲಿಸಿದ್ದಳು. ದೊಡ್ಡವರು ಯಾರೇ ಬಂದು ಚೆನ್ನಾಗಿದ್ದೀರಾ ಅಂದರೆ ಕೈ ಮುಗಿಯಬೇಕು, ‘ನಿಮ್ಮ ಆಶೀರ್ವಾದದಿಂದ ಚೆನ್ನಾಗಿದ್ದೀವಿ’ ಅನ್ನಬೇಕು. ಜ್ವರ ಬಂದಿದ್ದರೂ ಅನ್ನಬೇಕು, ಮನೆ ಸೋರುತ್ತಿದ್ದರೂ ಅನ್ನಬೇಕು. ನಾವೂ ನೀವೂ ಅನ್ನೋದಿಲ್ಲವೇ? ಹಾಗೆ.

ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಡ್ರೈವರ್ ಫೋನಿನಲ್ಲಿ ಹಲ್ಲು ಕಿರಿಯುತ್ತಾ, ಹಿಂದೆ ತಿರುಗಿಯೂ ನೋಡದೆ, ಟೆಂಪೊ ರಿವರ್ಸ್ ತೆಗೆದ. ಕಡ್ಲೆಕಾಯಿ ಪಾತ್ರೆ ಅತ್ತ, ಮರಿಹೊನ್ನಮ್ಮ ಇತ್ತ. ಮಂಡಿ ಕೆಳಗಿನ ಮೂಳೆ ಲಟಕ್ ಅಂತು. ಆಸ್ಪತ್ರೆಯವರು ಪಟ್ಟಿ ಕಟ್ಟಿ ಕಳಿಸಿದರು. ‘ಆಪರೇಶನ್ ಮಾಡಿ ಒಳಗೆ ರಾಡು ಹಾಕಿಸಬೇಕು, ಇಲ್ಲದಿದ್ದರೆ ಇನ್ನು ನಡೆಯೋ ಆಸೆ ಬಿಡಮ್ಮ’ ಅಂದರು. ರಾಡು ಹಾಕಿಸೋಕೆ ದುಡ್ಡೆಲ್ಲಿದೆ? ಟೆಂಪೊಗೆ ಇನ್ಶೂರೆನ್ಸ್ ಇತ್ತು. ಆ ಕಂಪನಿಯವರು ಪರಿಹಾರ ಕೊಟ್ಟರೆ ಆಪರೇಶನ್ನು, ಕೊಡದಿದ್ದರೆ ಜೀವಮಾನವೆಲ್ಲ ಊರುಗೋಲು. ಮರಿಹೊನ್ನಮ್ಮ ಚಾಪೆ ಹಿಡಿದಳು. ಓಡಾಡೋಕೆ ಉಳಿದವನು ಯಾರು? ಗವಿರಂಗ!

ಮೊದಲ ದಿನ ಕಂಪನಿಯ ಸಾಹೇಬನೇ ಮನೆಗೆ ಬಂದ. ಬೆಣ್ಣೆಯಂಥ ಮಾತು, ಕೈಯಲ್ಲೊಂದು ಪೆನ್ನು. ಅವ್ವ ಮಾತ್ರೆ ನುಂಗಿ ಒಳಗೆ ಮಲಗಿದ್ದಳು, ಗವಿರಂಗ ಜಗಲಿ ಮೇಲಿದ್ದ.

“ಏನಪ್ಪ, ನಿಮ್ಮ ತಾಯಿ ಚೆನ್ನಾಗಿದ್ದಾರಾ?”

ಗವಿರಂಗ ಎದ್ದು ನಿಂತ. ಕೈ ಮುಗಿದ. “ನಿಮ್ಮ ಆಶೀರ್ವಾದದಿಂದ ಚೆನ್ನಾಗವ್ರೆ ಸ್ವಾಮಿ!”

“ಕಾಲು?”

“ನಿಮ್ಮ ಆಶೀರ್ವಾದದಿಂದ ಅದೂ ಚೆನ್ನಾಗೈತೆ!”

ಸಾಹೇಬ ಬರಕೊಂಡ. ಬರಕೊಂಡು ನಕ್ಕ, ನಕ್ಕು ಹೋದ.

ಅವ್ವ ಎದ್ದ ಮೇಲೆ ಮಗ ಎಲ್ಲಾ ಹೇಳಿದ. ಅವಳು ತಲೆ ತಲೆ ಚಚ್ಚಿಕೊಂಡಳು. “ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಕಾಲು ಮುರಕೊಂಡು ಬಿದ್ದಿವ್ನಿ, ಚೆನ್ನಾಗವ್ರೆ ಅಂದ್ಯಾ? ಇನ್ನ್ಮೇಲೆ ನನ್ನ ಕಾಲಿನ ಇಚಾರ ಯಾರು ಕೇಳಿದ್ರೂ ಬಾಯಿ ಬಿಡಬ್ಯಾಡ! ತುಟಿ ಪಿಟಕ್ ಅನ್ನಬ್ಯಾಡ!”

“ಆಗ್ಲಿ ಕಣವ್ವ.”

ಮಾರನೇ ದಿನ ಅವನನ್ನು ಆಸ್ಪತ್ರೆಗೆ ಕಳಿಸಿದಳು, ಕಾಲಿನ ಎಕ್ಸ್‌ರೇ ತರೋಕೆ. ಕಂಪನಿಗೆ ತೋರಿಸಬೇಕಲ್ಲ! ಹೋದ. ಡಾಕ್ಟರ ಮುಂದೆ ನಿಂತ.

“ಏನಪ್ಪ, ಏನಾಗಿದೆ?”

ಗವಿರಂಗ ತುಟಿ ಬಿಗಿದ.

“ಕಾಲು ನೋವಾ? ಕೈ ನೋವಾ? ಮಾತಾಡು!”

ಬೆವರು ಇಳೀತು, ಮಾತು ಹೊರಡಲಿಲ್ಲ. ಡಾಕ್ಟರಿಗೆ ಗಾಬರಿ. “ಸಿಸ್ಟರ್! ತಲೆಗೆ ಪೆಟ್ಟು ಬಿದ್ದು ಮಾತು ನಿಂತುಹೋಗಿದೆ, ಬೇಗ ಮಲಗಿಸಿ!” ಮಲಗಿಸಿದರು. ಮಲಗಿದ. ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು, ತಲೆಗೆ ಎಕ್ಸ್‌ರೇ ಹೊಡೆದು ಕವರಿನಲ್ಲಿ ಹಾಕಿ ಕೊಟ್ಟರು.

ಮನೆಗೆ ಬಂದವನೇ ಕವರು ಚಾಚಿದ. “ಅವ್ವಾ, ಎಕ್ಸ್‌ರೇ ತಂದಿವ್ನಿ! ಡಾಕ್ಟ್ರು ಬೆಳಕಿಗೆ ಹಿಡಿದು ನೋಡಿ, ಒಳಗೇನೂ ಕಾಣಿಸ್ತಿಲ್ಲ ಅಂದ್ರು.”

“ಅದನ್ನ ಹೇಳಾಕೆ ಎಕ್ಸ್‌ರೇ ಬೇಕಿತ್ತೇನೋ!” ಅಂದಳು ಮರಿಹೊನ್ನಮ್ಮ. “ನನ್ನ ಕಾಲಿನ ಫೋಟೋ ತಾ ಅಂದ್ರೆ ನಿನ್ನ ಬುರುಡೆ ಫೋಟೋ ತಂದ್ಯಾ ಮಂಕುದಿಣ್ಣೆ! ಕೇಳಿದ್ಕೆ ಹೇಳ್ಬೇಕು ಕಣೋ! ಬಾಯಿ ತುಂಬ ಹೇಳ್ಬೇಕು! ಮೊದಲಿಂದ ಕಡೇತನಕ, ಒಂದೂ ಬಿಡದಂಗೆ ಹೇಳ್ಬೇಕು!”

“ಆಗ್ಲಿ ಕಣವ್ವ.”

ಪಕ್ಕದ ಮನೆಯವರು ಪಾಪ ಅಂದುಕೊಂಡು ಕಾಲಿನ ಎಕ್ಸ್‌ರೇ ತಂದುಕೊಟ್ಟರು. ಅದನ್ನು ಕಂಪನಿ ಆಫೀಸಿಗೆ ಮುಟ್ಟಿಸೋಕೆ ಹೋದವನು ಮತ್ತೆ ಗವಿರಂಗನೇ. ಸಾಹೇಬ ಅವನನ್ನು ಕಂಡವನೇ ಕುರ್ಚಿ ಎಳೆದುಕೊಟ್ಟ, ಕಾಫಿ ತರಿಸಿದ, ಬಿಸ್ಕತ್ತೂ ತರಿಸಿದ. ಆ ಆಫೀಸಿನಲ್ಲಿ ಕಾಲು ಮುರಿದವರಿಗೆ ನೀರಿಲ್ಲ, ಬಾಯಿ ಬಿಡುವವರಿಗೆ ಕಾಫಿ.

“ಹೇಳಪ್ಪ, ಅವತ್ತು ಏನಾಯ್ತು?”

ಗವಿರಂಗ ಬಿಸ್ಕತ್ತು ಅದ್ದಿಕೊಂಡು ಶುರು ಮಾಡಿದ. “ಮೊದಲಿಂದ ಹೇಳ್ತೀನಿ ಸ್ವಾಮಿ. ನಮ್ಮವ್ವಂಗೆ ಮಂಡಿನೋವು ನಾನು ಹುಟ್ಟೋಕ್ ಮುಂಚಿಂದ್ಲೂ ಐತೆ.”

“ಹೌದಾ! ತಗೋ, ಇನ್ನೊಂದು ಬಿಸ್ಕತ್ತು.”

“ಸಂಜೆ ಆದ್ರೆ ಕಣ್ಣು ಮಂಜು. ಹೋದ ಉಗಾದೀಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ಲು.”

“ಅದೇ ಕಾಲಾ?”

“ಕಾಲು ಅಂದ್ರೆ ಎಲ್ಲಾ ಒಂದೇ ಅಲ್ವಾ ಸ್ವಾಮಿ! ಆಮೇಲೆ ಅವತ್ತು ಒಂದು ಆಡು ಕಡ್ಲೆಕಾಯಿಗೆ ಬಾಯಿ ಹಾಕ್ತು. ಅವ್ವ ಆಡಿಗೆ ಬೈತಾ ಇದ್ಲು, ಟೆಂಪೊ ನೋಡ್ಲಿಲ್ಲ.”

ಸಾಹೇಬ ಬರಕೊಂಡ. ಹಳೇ ಮಂಡಿನೋವು ಬರಕೊಂಡ, ಮಂಜುಗಣ್ಣು ಬರಕೊಂಡ, ಬಚ್ಚಲು ಬರಕೊಂಡ, ಆಡನ್ನೂ ಬರಕೊಂಡ. ಫೋನಿನಲ್ಲಿ ಹಲ್ಲು ಕಿರಿಯುತ್ತಿದ್ದ ಡ್ರೈವರನ್ನು ಮಾತ್ರ ಬರಕೊಳ್ಳಲಿಲ್ಲ. ಬರಕೊಂಡು ನಕ್ಕ, ಬಾಗಿಲತನಕ ಬಂದು ಕಳಿಸಿಕೊಟ್ಟ. ವಾರ ಕಳೆಯೋದರೊಳಗೆ ಕಂಪನಿಯಿಂದ ಜವಾಬು ಬಂತು. ಕಾಲು ಹಳೇದು, ತಪ್ಪು ಆಕೆಯದು, ಒಂದು ಕಾಸೂ ಕೊಡಲ್ಲ. ಬೇಕಾದರೆ ಕೋರ್ಟಿಗೆ ಹೋಗಿ.

ಮರಿಹೊನ್ನಮ್ಮ ಈ ಸಲ ಬೈಯಲಿಲ್ಲ, ಅತ್ತಳು. ಬೆಳಗಿನ ಜಾವ ಎದ್ದು ಆ ಪಾತ್ರೆ ಹೊತ್ತು, ಆ ಕಾಲಿನಲ್ಲೇ ನಡೆದು, ಈ ಮಗನನ್ನು ಸಾಕಿದ್ದಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಆಮೇಲೆ ಬೈದಳು.

“ಕಾಪಿ ಕೊಟ್ರಾ? ಕುಡುದ್ಯಾ?”

“ಬಿಸ್ಕತ್ತೂ ತಿಂದೆ ಕಣವ್ವ.”

“ನನ್ನ ಕಾಲು ಮಾರಿ ಬಿಸ್ಕತ್ತು ತಿಂದ್ಯಲ್ಲೋ! ಕೇಳಿಸ್ಕೋ. ಕಂಪನಿಯೋರು ಏನು ಕೊಟ್ರೂ ಬ್ಯಾಡ ಅನ್ನು! ಕೈಗೆ ತುರುಕಿದ್ರೂ ಬ್ಯಾಡ ಅನ್ನು! ಇನ್ನೂ ಒಂದು. ಕೋರ್ಟಲ್ಲಿ ನಾನು ಹೆಂಗಿವ್ನಿ ಅಂತ ಯಾರು ಏನೇ ಅಂದ್ರೂ, ಆ ದೇವರೇ ಬಂದು ಅಂದ್ರೂ, ಸುಳ್ಳು ಅಂತ ಕೂಗು!”

“ಆಗ್ಲಿ ಕಣವ್ವ. ಕೊಟ್ರೆ ಬ್ಯಾಡ, ಅಂದ್ರೆ ಸುಳ್ಳು.”

ಪಕ್ಕದ ಮನೆಯವರೇ ಓಡಾಡಿ ಕೇಸು ಹಾಕಿಸಿಕೊಟ್ಟರು, ಕೋರ್ಟಿನ ದಿನ ಬಂತು. ಗವಿರಂಗ ಅವ್ವನನ್ನು ಬೆನ್ನ ಮೇಲೆ ಹೊತ್ತ. ದಾರಿಯುದ್ದಕ್ಕೂ ಒಂದೇ ಜಪ. ಕೊಟ್ರೆ ಬ್ಯಾಡ, ಅಂದ್ರೆ ಸುಳ್ಳು. ಕೊಟ್ರೆ ಬ್ಯಾಡ, ಅಂದ್ರೆ ಸುಳ್ಳು. ಕೋರ್ಟಿನ ಮೆಟ್ಟಿಲು ಹತ್ತಿ ಅವ್ವನನ್ನು ಬೆಂಚಿನ ಮೇಲೆ ಇಳಿಸಿದ. ಜಡ್ಜು ಮೇಲೆ ಕೂತಿದ್ದರು. ಕಂಪನಿ ಸಾಹೇಬ ನಗುನಗುತ್ತಾ ಎದ್ದು ಬಂದ. ಜಡ್ಜಿಗೆ ಕೇಳಿಸೋ ಹಾಗೆ, ಎರಡೂ ಕೈ ಜೋಡಿಸಿ, ಸ್ವಂತ ಅಳಿಯನೂ ಅಷ್ಟು ನಯವಾಗಿ ಕೇಳಲಾರ, ಹಾಗೆ ಕೇಳಿದ.

“ಅಮ್ಮಾ, ಚೆನ್ನಾಗಿದ್ದೀರಾ?”

ಮರಿಹೊನ್ನಮ್ಮನ ಕೈ ತಾನಾಗಿ ಮೇಲೆದ್ದಿತು. “ನಿಮ್ಮ ಆಶೀರ್ವಾದದಿಂದ ಚೆನ್ನಾಗಿವ್ನಿ ಕಣಪ್ಪ! ನೀವು ಚೆನ್ನಾಗಿದ್ದೀರಾ? ಮನೇಲಿ ಮಕ್ಕಳು?”

ಆಡಿದ್ದಾಯ್ತು. ನಾಲಿಗೆ ಕಚ್ಚಿಕೊಂಡಳು. ಮಗನಿಗೆ ಆ ಮರ್ಯಾದೆ ಕಲಿಸಿದವಳು ಯಾರು ಹೇಳಿ! ಸಾಹೇಬ ಗರ್ರನೆ ತಿರುಗಿ, “ಕೇಳಿಸಿಕೊಂಡ್ರಾ ಸ್ವಾಮಿ? ಅವರೇ ಹೇಳಿದ್ರು!” ಅಂದ.

“ಸುಳ್ಳು!” ಅಂತ ಗವಿರಂಗ ಕೂಗಿದ ಕೂಗಿಗೆ ಕಿಟಕಿಯ ಪಾರಿವಾಳಗಳು ಹಾರಿಹೋದವು.

ಜಡ್ಜು ಕನ್ನಡಕ ತೆಗೆದರು. “ಯಾರಯ್ಯ ನೀನು?”

“ಮಗ ಸ್ವಾಮಿ!”

“ನಿಮ್ಮ ತಾಯಿ ಹೇಳಿದ್ದು ಸುಳ್ಳಾ?”

“ಸುಳ್ಳು ಸ್ವಾಮಿ!”

ಜಡ್ಜು ಅವನ ಮುಖ ನೋಡಿದರು. ಆ ಮುಖದಲ್ಲಿ ಮೋಸ ಇರಲಿಲ್ಲ, ಮೋಸಕ್ಕೆ ಬೇಕಾದ ಬುದ್ಧಿಯೂ ಇರಲಿಲ್ಲ. ಆಕೆಯ ಕಾಲು ನೋಡಿದರು. ಊದಿತ್ತು, ಸೊಟ್ಟಗಿತ್ತು. “ಆಕೆ ಮರ್ಯಾದೆಗೆ ಅಂದದ್ದು. ಈ ಹುಡುಗನಿಗೆ ಸುಳ್ಳು ಹೇಳೋಕೆ ಬರಲ್ಲ, ಮಗ ಹೇಳಿದ್ದೇ ನಿಜ. ಆಪರೇಶನ್ ಖರ್ಚೆಲ್ಲ ಕಂಪನಿಯದು. ಈಗಲೇ ಚೆಕ್ ಬರೆದು ಕೊಡಿ. ಇಲ್ಲಿಗೆ ಕೇಸು ಮುಗಿಯಿತು” ಅಂದು, ಹಾಗೇ ಬರೆದರು.

ನೋಡಿದಿರಾ! ಪೆದ್ದ ಗೆದ್ದ. ಕತೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಿದರೂ ಅವನು ನಿಲ್ಲಬೇಕಲ್ಲ!

ಸಾಹೇಬ ಹಲ್ಲು ಕಡಿಯುತ್ತಾ ಚೆಕ್ ಬರೆದ. ಬೆಂಚಿನ ಕಡೆ ನಡೆದ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಗವಿರಂಗ ಅಡ್ಡ ನಿಂತಿದ್ದ.

“ತಗೊಳ್ಳಪ್ಪ.”

“ಬ್ಯಾಡ!”

ಸಾಹೇಬ ನಿಂತ. ಕಿವಿ ನೆಟ್ಟಗಾಯಿತು. “ಏನಂದೆ?”

“ಬ್ಯಾಡ ಅಂದೆ!”

ಸಾಹೇಬ ಅವನ ಕೈಗೇ ಚೆಕ್ ತುರುಕಿ ನೋಡಿದ. ಗವಿರಂಗ ಕೈ ಕೊಡವಿದ. “ತುರುಕಿದ್ರೂ ಬ್ಯಾಡ!”

“ಸ್ವಾಮಿ,” ಅಂದ ಸಾಹೇಬ ಜಡ್ಜಿನ ಕಡೆ ತಿರುಗಿ, ದನಿಯಲ್ಲಿ ಮತ್ತೆ ಬೆಣ್ಣೆ, “ಕೊಟ್ಟೆ, ಅವರೇ ಬೇಡ ಅಂತಾರೆ. ತಾಯಿಗೆ ನೋವೇ ಇಲ್ಲ ಅಂತ ಕಾಣುತ್ತೆ.”

ಜಡ್ಜು ಮುಂದಕ್ಕೆ ಬಗ್ಗಿದರು. “ಏನಮ್ಮ ಇದು? ನಿನ್ನ ಬಾಯಿಂದಲೇ ಹೇಳು. ನೀನು ಚೆನ್ನಾಗಿದ್ದೀಯಾ, ಇಲ್ವಾ?”

ಮರಿಹೊನ್ನಮ್ಮ ಈ ಸಲ ಕೈ ಎತ್ತಲಿಲ್ಲ, ಆಶೀರ್ವಾದ ಅನ್ನಲಿಲ್ಲ. ಹುಟ್ಟಿದಾಗಿನಿಂದ ಆಡದ ಮಾತನ್ನು ಬೆಂಚು ಗುದ್ದಿ ಗುದ್ದಿ ಆಡಿದಳು. “ಚೆನ್ನಾಗಿಲ್ಲ ಸ್ವಾಮಿ! ಕಾಲು ಮುರಿದೈತೆ! ರಾತ್ರಿಯೆಲ್ಲ ನಿದ್ದೆ ಇಲ್ಲ! ಚೆನ್ನಾಗಿಲ್ಲ ಸ್ವಾಮಿ, ನಾನು ಚೆನ್ನಾಗಿಲ್ಲ!”

“ಸುಳ್ಳು!” ಅಂತ ಕೂಗಿದ ಗವಿರಂಗ.

ಜಡ್ಜು ಪೆನ್ನು ಎತ್ತಿ, ಕೊಡಿಸಿದ್ದ ಪರಿಹಾರವನ್ನು ಹೊಡೆದುಹಾಕಿದರು. ಮಗ ಹೇಳಿದ್ದೇ ನಿಜ ಅಂತ ಆಗಲೇ ಬರೆದಾಗಿತ್ತಲ್ಲ!

ಸಾಹೇಬ ಚೆಕ್ ಮಡಚಿ ಜೇಬಿಗಿಟ್ಟು ಕಾರು ಹತ್ತಿದ. ಅವ್ವ ಮಗನ ಬೆನ್ನು ಹತ್ತಿದಳು. ದಾರಿಯಲ್ಲಿ ಅವಳು ಒಂದು ಮಾತೂ ಬೈಯಲಿಲ್ಲ. ಗವಿರಂಗನೇ ಕತ್ತು ತಿರುಗಿಸಿ ಕೇಳಿದ, “ಅವ್ವಾ, ಈ ಸಲ ಒಂದೂ ತಪ್ಪಲಿಲ್ಲ ಅಲ್ವಾ?”

ಅವರು ಆ ಕಡೆ ಹೋದರು, ನಾನು ಕತೆ ಹೊತ್ತು ಈ ಕಡೆ ಬಂದೆ. ಈಗ ಏಳಿ, ಕಾಲು ಬಿಡಿಸಿಕೊಳ್ಳಿ. ಹೋಗುವಾಗ ನನ್ನನ್ನು ಚೆನ್ನಾಗಿದ್ದೀಯಾ ಅಂತ ಮಾತ್ರ ಕೇಳಬೇಡಿ.