ಧಾರೆ ಗಿಂಡಿಗೆ ಬೋಲ್ಟು ಹಾಕಿದ ಪಾಲಯ್ಯ

ಕಾಲು ಚಾಚಿ ಕೂತ್ಕೊಳ್ಳಿ, ಎಲೆ ಅಡಿಕೆ ತಟ್ಟೆ ಈ ಕಡೆ ತಳ್ಳಿ. ಬಾಗಿಲು ಮುಂದಕ್ಕೆ ಹಾಕಿ, ಬೊಮ್ಮಕ್ಕನ ಕಿವಿಗೆ ಬಿದ್ರೆ ನನ್ನ ಜುಟ್ಟು ಹಿಡೀತಾಳೆ.

ಬೊಮ್ಮಕ್ಕನಿಗೆ ಒಬ್ಬನೇ ಮಗ, ಪಾಲಯ್ಯ. ಆಳು ನೋಡಿದ್ರೆ ಆನೆಮರಿ. ತಲೆ ಒಳಗೆ ಕೈ ಹಾಕಿದ್ರೆ ಬರೀ ಗಾಳಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವಳ ಗ್ರಹಚಾರ. "ಬಾಗಿಲು ನೋಡ್ಕೊಂಡಿರು" ಅಂತ ಹೇಳಿ ಸಂತೆಗೆ ಹೋದ್ರೆ, ಕಳ್ಳ ಹಿತ್ತಲಿಂದ ಹಂಡೆ ಹೊತ್ಕೊಂಡು ಹೋದ. ಇವನು ಬಾಗಿಲು ನೋಡ್ತಾನೇ ಇದ್ದ.

ಇಂಥವನಿಗೆ ಹೆಣ್ಣು ಕೊಡೋರು ಯಾರು? ಉಳಿದಿದ್ದು ಒಂದೇ ಕಡೆ. ಬೊಮ್ಮಕ್ಕನ ಅಣ್ಣ ಬೋರಯ್ಯನ ಮಗಳು ಇಂದ್ರಾಣಿ. ಸೋದರಮಾವನ ಮಗಳು, ವರಸೆಗೆ ಸರಿ. ಆದ್ರೆ ಆ ಹುಡುಗಿ ಸಾಮಾನ್ಯದವಳಲ್ಲ ಕಣ್ರೀ! ಕೆರೆ ಅಂಗಳದ ಮಣ್ಣಲ್ಲಿ ಬೈಕು ಹಾರಿಸೋಳು! ಪ್ಯಾಂಟು ಹಾಕ್ಕೊಂಡು, ಮೈಯೆಲ್ಲ ಕೆಸರು ಮಾಡ್ಕೊಂಡು, ಗಂಡು ಹುಡುಗರನ್ನ ಹಿಂದೆ ಹಾಕಿ, ಹಲ್ಲು ಕಿರಿದು ಬರೋಳು. ಬೀದಿ ಹೆಂಗಸರಿಗೆ ಮೂಗಿನ ಮೇಲಿಟ್ಟ ಬೆರಳು ಇಳಿಸೋಕೆ ಪುರುಸೊತ್ತಿಲ್ಲ.

ಒಂದಿನ ಇಂದ್ರಾಣಿ ಬೈಕು ತಂದು ಅಂಗಳದಲ್ಲಿ ನಿಲ್ಲಿಸಿದ್ಲು.

"ಅತ್ತೆ, ಭಾನುವಾರ ರೇಸು. ಬಾವ ಗ್ಯಾರೇಜು ಕೆಲಸ ಕಲ್ತವ್ನೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀಯಲ್ಲ? ಆಯಿಲ್ ಬದಲಾಯಿಸ್ಲಿ. ಕೆಳಗೆ ಒಂದು ತೊಟ್ಟು ಸೋರಬಾರದು. ಸೋರದೇ ಓಡಿದ್ರೆ ನಾನು ಈ ಮನೆ ಸೊಸೆ. ಸೋರಿದ್ರೆ ನೀನು ಬೇರೆ ಹೆಣ್ಣು ಹುಡುಕ್ಕೋ."

ಬೊಮ್ಮಕ್ಕ ತಡ ಮಾಡಲಿಲ್ಲ. ಮಗನ್ನ ಒಳಗೆ ಕರೆದು ಹೇಳಿದ್ಲು: "ಲೋ ಪಾಲ, ಹಳೇ ಆಯಿಲ್ ಇಳಿಸಿ, ಬೋಲ್ಟು ಹಾಕಿ ಹೊಸದು ಸುರಿದು, ಆ ಅಡಿಯ ಬೋಲ್ಟು ಬಿಗಿ ಮಾಡು. ಕೈ ಸೋಲೋವರೆಗೂ ತಿರುಗಿಸು!"

"ಆಗ್ಲಿ ಕಣವ್ವ."

ತಿರುಗಿಸಿದ. ಅವನ ಕೈ ಸೋಲುತ್ತಾ? ಬೋಲ್ಟು ತಿರುಗಿಸೋ ಪಾನಾ, ಅದೇ ಸ್ಪ್ಯಾನರ್, ಅದಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ, ಪೈಪಿನ ಮೇಲೆ ಹತ್ತಿ ಕೂತು ತಿರುಗಿಸಿದ. ಕಟಕ್! ಬೋಲ್ಟು ಕಚ್ಚಿ ಕೂರೋ ಒಳಗಿನ ಥ್ರೆಡ್ಡೆಲ್ಲ ಕಿತ್ತು, ಬೋಲ್ಟು ತೊಪ್ಪಂತ ಉದುರಿತು. ಸುರಿದಿದ್ದ ಹೊಸ ಆಯಿಲೆಲ್ಲ ಅಂಗಳದ ರಂಗೋಲಿ ಮೇಲೆ ಹರೀತು.

"ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ! ಕೈಗೆ ಭಾರ ಬಂತು ಅಂದ ಕೂಡಲೇ ನಿಲ್ಲಿಸಿ ಕೈ ತೆಗೀಬೇಕು ಕಣೋ!"

"ಮುಂದಿನ ಸಲ ಹಾಗೇ ಮಾಡ್ತೀನಿ ಕಣವ್ವ."

ಇನ್ನು ಇದನ್ನ ರಿಪೇರಿ ಮಾಡೋನು ಅಂದ್ರೆ ದಿಬ್ಬದ ಮೇಲಿನ ಲೇತ್ ಅಂಗಡಿ ಮೌಲಾಸಾಬ. "ತಳ್ಕೊಂಡು ಹೋಗು, ಹೊರಡು!" ಅಂದ್ಲು ಬೊಮ್ಮಕ್ಕ. ಹೋದ. ದಿಬ್ಬದ ಅರ್ಧ ಹತ್ತಿದ. ಏರು ಜಾಸ್ತಿ ಆಯ್ತು, ಕೈಗೆ ಭಾರ ಬಂತು. ಅವ್ವ ಏನು ಹೇಳಿದ್ಲು? ಕೈ ತೆಗೀಬೇಕು. ತೆಗೆದ!

ಬೈಕು ಹಿಂದಹಿಂದಕ್ಕೆ ಉರುಳಿ, ಟೈಲರ್ ಪಂಕಜಳ ಮನೆ ಬಿದಿರು ತಡಿಕೆಗೆ ಗುದ್ದಿ, ತಡಿಕೆ ಮಕಾಡೆ ಮಲಗಿತು. ತಡಿಕೆ ಹಿಂದೆ ಯಾರು ಅಂತೀರಿ? ದಾವಣಗೆರೆಗೆ ಹೋಗ್ತೀನಿ ಅಂತ ಹೆಂಡ್ತಿಗೆ ಹೇಳಿ ಬುತ್ತಿ ಕಟ್ಟಿಸ್ಕೊಂಡು ಹೊರಟಿದ್ದ ಡೈರಿ ಸೆಕ್ರೆಟರಿ! ಬನಿಯನ್ನಲ್ಲಿ ಕೂತು ಪಂಕಜಳ ಕೈಯ ದೋಸೆ ತಿಂತಿದ್ದ. ಹೆಂಡ್ತಿ ಕಟ್ಟಿದ ಬುತ್ತಿ? ಪಂಕಜಳ ನಾಯಿ ಮುಂದಿತ್ತು. ಅದು ಬೇರೆ ಕತೆ, ಬಿಡಿ, ಇನ್ನೊಂದು ಎಲೆಗೆ ಸುಣ್ಣ ಹಚ್ಚಿ.

ಬೊಮ್ಮಕ್ಕ ಓಡಿ ಬಂದ್ಲು. "ಲೇ ಮುಟ್ಠಾಳ! ಗಾಡಿ ಬಿಡ್ತಾರೇನೋ? ಉರುಳೋ ಗಾಲಿ ಕಂಡ್ರೆ ಓಡಿಹೋಗಿ ಅಡಿಗೆ ಕಲ್ಲು ಕೊಡಬೇಕು!"

"ಮುಂದಿನ ಸಲ ಹಾಗೇ ಮಾಡ್ತೀನಿ ಕಣವ್ವ."

ಅಂತೂ ತಾಯಿ ಮಗ ಇಬ್ಬರೂ ತಳ್ಳಿ ಬೈಕನ್ನ ಮೌಲಾಸಾಬನ ಹತ್ರ ಬಿಟ್ಟು ಮನೆಗೆ ಬಂದ್ರು. ಬರೋದಕ್ಕೂ ಬೋರಯ್ಯ ಮೊಪೆಡ್ಡಲ್ಲಿ ಬರೋದಕ್ಕೂ ಸರಿಹೋಯ್ತು. ಮಗಳ ಬೈಕಿಗೆ ಏನೋ ಆಯ್ತಂತೆ ಅಂತ ಯಾರೋ ಊದಿದ್ರು. (ನಾನಲ್ಲ.) ಹೊಸ ಪಂಚೆ, ಮುಂದೆ ಬಾಳೆಗೊನೆ, ಗತ್ತಿನಿಂದ ಬಂದ. ಪಾಲ ನೋಡಿದ. ಗಾಲಿ ಉರುಳ್ತಾ ಇದೆ! ಓಡಿದ, ಜಗಲಿ ಪಕ್ಕದ ಚಪ್ಪಡಿ ಎತ್ತಿದ, ಗಾಲಿ ಅಡಿಗೆ ಕೊಟ್ಟ.

ಮೊಪೆಡ್ ನಿಂತಿತು. ಬೋರಯ್ಯ ನಿಲ್ಲಲಿಲ್ಲ. ಬಾಳೆಗೊನೆ ಸಮೇತ ಹಾರಿ ತಿಪ್ಪೆಗುಂಡಿಗೆ ಬಿದ್ದ.

"ತಂಗೀ! ನಿನ್ನ ಮಗ ನನ್ನ ಕೊಂದ!"

"ಅಣ್ಣಾ, ಕಾಲಿಗೆ ಬೀಳ್ತೀನಿ, ಅವನಿಗೆ ತಿಳಿಯಲ್ಲ!" ಅಂತ ಬೊಮ್ಮಕ್ಕ ಸೆರಗಲ್ಲಿ ಸಗಣಿ ಒರೆಸಿದ್ಲು. ಮಗನ ಕಡೆ ತಿರುಗಿ ಬೆನ್ನಿಗೆ ಗುದ್ದಿದ್ಲು: "ಬಾಗಿಲಿಗೆ ಬಂದೋರಿಗೆ ಕಲ್ಲು ಕೊಡ್ತಾರೇನೋ? ಮೊದಲು ಒಂದು ಚೊಂಬು ನೀರು, ಒಂದು ಉಂಡೆ ಬೆಲ್ಲ ಕೊಡಬೇಕು. ಆಮೇಲೆ ಮಾತು!"

"ಮುಂದಿನ ಸಲ ಹಾಗೇ ಮಾಡ್ತೀನಿ ಕಣವ್ವ."

ಅಲ್ಲಿ ಮೌಲಾಸಾಬ ಮಗುವಿಗೆ ಕಿವಿ ಚುಚ್ಚೋ ಹಾಗೆ ಕೆಲಸ ಮಾಡ್ತಿದ್ದ. ಥ್ರೆಡ್ ಕೊರೆಯೋ ಟ್ಯಾಪಿಗೆ ಗ್ರೀಸು ಮೆತ್ತಿ, ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ, ಕೆಟ್ಟ ತೂತನ್ನ ಒಂದು ಸುತ್ತು ದೊಡ್ಡದು ಮಾಡಿ ಹೊಸ ಥ್ರೆಡ್ ತೆಗೆದ. ಗ್ರೀಸಿಗೆ ಅಂಟಿದ ಚೂರೆಲ್ಲ ಒರೆಸಿದ. ದಪ್ಪ ಬೋಲ್ಟು, ತಾಮ್ರದ ವಾಷರ್, ಹೊಸ ಆಯಿಲ್. ತಾನೇ ಓಡಿಸ್ಕೊಂಡು ಬಂದು ಬೊಮ್ಮಕ್ಕನ ಬಾಗಿಲಲ್ಲಿ ನಿಲ್ಲಿಸಿ, ಅವಳ ಜೊತೆ ಮಾತಿಗೆ ನಿಂತ.

ಪಾಲ ನೋಡಿದ. ಬಾಗಿಲಿಗೆ ಬೈಕು ಬಂದಿದೆ. ಬಿಸಿಲಲ್ಲಿ ಬಂದಿದೆ, ಮೈ ಕಾದಿದೆ, ಪಾಪ. ಆಯಿಲ್ ಹಾಕೋ ಮೇಲಿನ ಮುಚ್ಚಳ ತೆಗೆದ. ಒಂದು ಚೊಂಬು ನೀರು ಹುಯ್ದ. ಉಂಡೆ ಬೆಲ್ಲ ತೂತಿಗೆ ಹಿಡಿಸಲಿಲ್ಲ. ಕುಟ್ಟಿ ಪುಡಿ ಮಾಡಿ ಹಾಕಿದ. ಒಳ್ಳೇ ಮನಸ್ಸಿನೋನು!

"ಯಾ ಅಲ್ಲಾ!" ಮೌಲಾಸಾಬ ಟೋಪಿ ತೆಗೆದು ನೆಲಕ್ಕೆ ಬಡಿದ. "ಬೊಮ್ಮಕ್ಕ, ನಿನ್ನ ಮಗ ಇಂಜಿನ್ನಿಗೆ ಪಾನಕ ಕುಡಿಸವ್ನೆ!"

ಹೊಸ ಬೋಲ್ಟು ಬಿಚ್ಚಿದ್ರೆ ಪಾಯಸ ಇಳೀತು. ಮೌಲಾಸಾಬ ಬಿಚ್ಚಿ, ಡೀಸೆಲ್ಲಲ್ಲಿ ತೊಳೆದು, ಮತ್ತೆ ತೊಳೆದು, ಮತ್ತೆ ಆಯಿಲ್ ಹಾಕಿದ. ಬೊಮ್ಮಕ್ಕ ಹೊಸ್ತಿಲ ಮೇಲೆ ಕೂತು ಅತ್ತೇ ಅತ್ಲು. ನಾನು ಕಣ್ಮುಚ್ಚಿದ ಮೇಲೆ ಇವನಿಗೊಂದು ತುತ್ತು ಅನ್ನ ಇಕ್ಕೋರು ಯಾರು, ಇವನ ಬಾಗಿಲು ನೋಡ್ಕೊಳ್ಳೋರು ಯಾರು ಅಂತ. ಆ ಅಳು ಮಾತ್ರ ಸುಳ್ಳಲ್ಲ.

ಮೌಲಾಸಾಬನಿಗೂ ಮನಸ್ಸು ಕರಗಿತು. ಪಾಲನ ಕೈಗೆ ಹೆಚ್ಚುವರಿ ಒಂದು ಬೋಲ್ಟು, ಒಂದು ವಾಷರ್ ಕೊಟ್ಟ. "ನೋಡಪ್ಪ ಪಾಲ, ಏನೂ ಕೊಡಬೇಡ, ಏನೂ ಹುಯ್ಯಬೇಡ. ಕಣ್ಣಿಟ್ಟು ನೋಡ್ತಾ ಇರು. ಒಂದು ತೊಟ್ಟು ಬಿದ್ರೆ ತೂತಿಗೆ ವಾಷರ್ ಇಟ್ಟು ಬೋಲ್ಟು ಹಾಕು. ಕೈಗೆ ಭಾರ ಬಂದ ಕೂಡಲೇ ನಿಲ್ಲಿಸು. ಆಮೇಲೂ ಸೋರಿದ್ರೆ ಕೆಳಗೆ ಬಗ್ಗಿ ಎಲ್ಲಿಂದ ಅಂತ ನೋಡು."

"ಮುಂದಿನ ಸಲ ಹಾಗೇ ಮಾಡ್ತೀನಿ ಕಣಣ್ಣ."

ಬೋಲ್ಟು ವಾಷರ್ ಉಡುದಾರಕ್ಕೆ ಕಟ್ಕೊಂಡ.

ಭಾನುವಾರ ಇಂದ್ರಾಣಿ ರೇಸಲ್ಲಿ ಬೈಕು ಓಡಿಸಿದ್ಲು. ಕೆರೆ ಅಂಗಳದ ಧೂಳು ಮುಗಿಲು ಮುಟ್ಟಿತು. ಎರಡನೇ ಬಹುಮಾನ ಹೊಡೆದ್ಲು, ಮಿಕ್ಸಿ ಕೊಟ್ರು. ಬೈಕಿನ ಅಡಿ ಮುಟ್ಟಿ ನೋಡಿದ್ಲು. ಒಣಗಿದ ಎಲೆ ಹಾಗಿತ್ತು, ಒಂದು ತೊಟ್ಟಿಲ್ಲ.

"ಥೂ, ಆ ಪೆದ್ದನ್ನ ಕಟ್ಕೋತೀಯೇನೇ?" ಅಂದ ಬೋರಯ್ಯ. ಇನ್ನೂ ಅವನ ಸೊಂಟ ನೆಟ್ಟಗಾಗಿರಲಿಲ್ಲ.

"ಅಪ್ಪ, ಹೇಳಿದ ಮಾತು ಕೇಳೋ ಗಂಡ ಈ ತಾಲ್ಲೂಕಲ್ಲಿ ಇನ್ನೊಬ್ಬ ಇದ್ರೆ ತೋರಿಸು," ಅಂದ್ಲು. ಬೋರಯ್ಯ ತೋರಿಸಲಿಲ್ಲ. ಅವನ ಹೆಂಡ್ತಿ ಪಕ್ಕದಲ್ಲೇ ಇದ್ಲು.

ಮದುವೆ ದಿನ ಬಂತು. ಚಪ್ಪರ, ವಾಲಗ, ಕೇಸರಿಬಾತು. ಹೆಂಡ್ತಿ ಪಕ್ಕ ಬೆಕ್ಕಿನ ಹಾಗೆ ಕೂತ ಡೈರಿ ಸೆಕ್ರೆಟರಿ. ಬೊಮ್ಮಕ್ಕ ಮಗನ ಕಿವೀಲಿ, "ಇವತ್ತು ನಾನು ಏನೂ ಹೇಳಲ್ಲ ಕಣಪ್ಪ, ನೀನು ಏನೂ ಮಾಡಬೇಡ," ಅಂದ್ಲು. ಜಾಣೆ! ಆದ್ರೆ ಮೌಲಾಸಾಬ ಹೇಳಿದ್ದು ಬಾಕಿ ಇತ್ತಲ್ಲ.

ಧಾರೆ ಹೊತ್ತು. ಹೆಣ್ಣು ಗಂಡಿನ ಜೋಡಿಸಿದ ಕೈ ಮೇಲೆ ತೆಂಗಿನಕಾಯಿ. ಬೋರಯ್ಯ ಮೂತಿ ಗಿಂಡಿಯಲ್ಲಿ ಹಾಲು ಹಿಡ್ಕೊಂಡು ನಿಂತ. ಧಾರೆ ಎರೆದ್ರೇ ಮದುವೆ, ಇಲ್ಲದಿದ್ರೆ ಇಲ್ಲ. "ಗಟ್ಟಿಮೇಳ!" ಅಂದ್ರು ಅಯ್ನೋರು. ಬೋರಯ್ಯ ಗಿಂಡಿ ಬಗ್ಗಿಸಿದ. ಒಂದು ತೊಟ್ಟು ಹಾಲು ಕೆಳಗೆ ಬಿತ್ತು.

ಪಾಲನ ಕಣ್ಣು ಅರಳಿತು. ಸೋರ್ತಾ ಇದೆ!

ತೆಂಗಿನಕಾಯಿ ಇಂದ್ರಾಣಿ ಕೈಗೇ ಬಿಟ್ಟು ಉಡುದಾರಕ್ಕೆ ಕೈ ಹಾಕಿದ. ಗಿಂಡಿ ಮೂತಿಗೆ ವಾಷರ್ ಇಟ್ಟ, ಬೋಲ್ಟು ತಿರುವಿದ, ಕೈಗೆ ಭಾರ ಬಂದ ಕೂಡಲೇ ನಿಲ್ಲಿಸಿದ. ಹುಟ್ಟಿದಾಗಿಂದ ಅವನು ಸರಿಯಾಗಿ ಬಿಗಿ ಮಾಡಿದ್ದು ಅದೊಂದೇ! ಬೋರಯ್ಯ ಗಿಂಡಿ ಅಲ್ಲಾಡಿಸಿದ, ಕುಕ್ಕಿದ, ಬೋಲ್ಟನ್ನ ಹಲ್ಲಲ್ಲಿ ಕಚ್ಚಿ ಎಳೆದ. ಒಂದು ತೊಟ್ಟಿಲ್ಲ.

"ಮುಹೂರ್ತ ಹೋಗ್ತಿದೆ!" ಅಯ್ನೋರು ಕೂಗಿದ್ರು. "ಪಾನಾ ತರ್ರೋ!" ಅಂತ ಮೌಲಾಸಾಬ ಪಂಕ್ತಿಯಿಂದ ಎದ್ದ. ಬೊಮ್ಮಕ್ಕ ಕಂಬಕ್ಕೆ ಹಣೆ ಚಚ್ಕೊಂಡ್ಲು.

ಇಂದ್ರಾಣಿ ಬಿದ್ದು ಬಿದ್ದು ನಕ್ಕಳು. ಅಪ್ಪನ ಕೈಯಿಂದ ಗಿಂಡಿ ಕಿತ್ಕೊಂಡು, ಬಾಯಿ ಕಡೆಯಿಂದ ಬೋರಲು ಹಾಕಿ, ಇಬ್ಬರ ತಲೆ ಮೇಲೂ ದಬದಬ ಸುರಿದ್ಲು. "ತಗೊಳ್ಳಿ! ಆಯ್ತು ಧಾರೆ!"

ವಾಲಗದೋರು ಊದಿದ್ರು. ಜನ ಅಕ್ಷತೆ ಎಸೆದ್ರು. ಅಕ್ಷತೆ ಬೀಳೋ ಹೊತ್ತಿಗೆ ಗಂಡು ಎಲ್ಲಿ? ಮಣೆ ಖಾಲಿ!

ಮದುಮಗ ನೆಲಕ್ಕೆ ಕೆನ್ನೆ ಹಚ್ಚಿ, ಮದುಮಗಳ ಹಾಲು ತೊಟ್ಟಿಕ್ಕೋ ಸೀರೆ ನಿರಿಗೆ ಎತ್ತಿ ಹಿಡ್ಕೊಂಡು, ಊರ ಜನರೆಲ್ಲರ ಮುಂದೆ ಒಳಗೆ ಬಗ್ಗಿ ನೋಡ್ತಿದ್ದ.

"ಅವ್ವಾ," ಅಂತ ಕೂಗಿದ ಅಲ್ಲಿಂದಲೇ, "ಎಲ್ಲಿಂದ ಸೋರ್ತಿದೆ ಅಂತ ಕಾಣ್ತಿಲ್ಲ, ಬ್ಯಾಟ್ರಿ ತಗೊಂಬಾ!"