ಅರವತ್ತೆರಡನೆಯ ಸಹಿ

ಅದು ಗುರುವಾರ. ಆಶ್ರಮದಲ್ಲಿ ಅಕ್ಕಿ ಆರಿಸುವ ದಿನ.

ಗುರು ಗುರುಮಲ್ಲಯ್ಯನವರು ಜಗಲಿಯ ಮೇಲೆ ಮೊರ ಹಿಡಿದು ಕೂತಿದ್ದರು. ಎದುರಿಗೆ ಶಿಷ್ಯ ವೃಷಭೇಂದ್ರ. ಇಬ್ಬರೂ ಕಲ್ಲು ಆರಿಸುತ್ತಿದ್ದರು. ಕೆಳಗೆ ಕಪಿಲೆ ಹರಿಯುತ್ತಿದ್ದಳು.

ಹರಿಗೋಲು ನಡೆಸುವ ಸಿದ್ದನಾಯಕ ಮೆಟ್ಟಿಲು ಹತ್ತಿ ಬಂದು ನೀರು ಕೇಳಿದ. ಕುಡಿದು ಚೊಂಬು ಕೆಳಗಿಟ್ಟ.

"ಆಚೆ ದಡದಲ್ಲಿ ಬುಕ್ಕು ಬರೀತಿದ್ರಲ್ಲ, ಆ ಅಮ್ಮಾವ್ರು ಹಾಸ್ಗೆ ಹಿಡಿದವ್ರೆ ಬುದ್ಧಿ," ಅಂದ. ಆ ಸೀಮೆಯಲ್ಲಿ ಮಠದ ಹಿರಿಯರನ್ನು ಕರೆಯುವುದೇ 'ಬುದ್ಧಿ' ಎಂದು. "ಇನ್ನ ಹದಿನೈದು ದಿನ ಅಂದ್ರಂತೆ ಡಾಕ್ಟ್ರು."

ವೃಷಭೇಂದ್ರನ ಬೆರಳಲ್ಲಿದ್ದ ಕಲ್ಲು ಮತ್ತೆ ಅಕ್ಕಿಗೇ ಬಿತ್ತು.

ಮನಸ್ಸು ನಿಲ್ಲುವುದಿಲ್ಲ ಎಂದು ಮೂರು ವರ್ಷದ ಹಿಂದೆ ಆಶ್ರಮಕ್ಕೆ ಬಂದವನು ಅವನು. ಬರುವಾಗ ಬಟ್ಟೆ ಒಂದು ಚೀಲ ತಂದಿದ್ದ, ಪುಸ್ತಕ ಒಂದು ಟ್ರಂಕು.

ಟ್ರಂಕಿನಲ್ಲಿ ಅರವತ್ತೆರಡು ಕಾದಂಬರಿಗಳಿದ್ದವು. ಎಲ್ಲವೂ ಈಚಿನ ಕಾಲದವು. ಎಲ್ಲವೂ ಮೊದಲ ಮುದ್ರಣ. ಎಲ್ಲವೂ ಬೈಸಿಕೊಂಡ ಪುಸ್ತಕಗಳು. ಕೆಲವನ್ನು ಚೌಕದಲ್ಲಿ ಸುಟ್ಟಿದ್ದರು, ಕೆಲವನ್ನು ಕೋರ್ಟಿಗೆ ಎಳೆದಿದ್ದರು. ಒಂದನ್ನು ಬರೆದವನು ಊರನ್ನೇ ಬಿಟ್ಟಿದ್ದ.

ಅರವತ್ತೊಂದರಲ್ಲಿ ಬರೆದವರ ಸಹಿ ಇತ್ತು. ಒಂದು ಸಹಿಯನ್ನು ಅವನು ಬಸ್ ನಿಲ್ದಾಣದಲ್ಲಿ, ಹೊರಟ ಬಸ್ಸಿನ ಕಿಟಕಿಯ ಮೂಲಕ ಹಾಕಿಸಿಕೊಂಡಿದ್ದ. ಒಂದನ್ನು ಆಸ್ಪತ್ರೆಯಲ್ಲಿ. ಅಷ್ಟು ಜನರಲ್ಲಿ ಒಬ್ಬರು ಮಾತ್ರ "ಓದಿದ್ದೀಯಾ?" ಎಂದು ಕೇಳಿದ್ದರು. ಹೌದು ಎಂದಿದ್ದ.

ಸಹಿ ಇಲ್ಲದೆ ಉಳಿದದ್ದು ತಾರಾಮತಿ ಹೆಗ್ಗೆರೆಯವರ 'ಗೌರಿಯ ಕೊಡ'. ಆಕೆ ಇದ್ದದ್ದು ಎದುರು ದಡದಲ್ಲೇ, ತಂಗಿಯ ಮಗಳ ಮನೆಯಲ್ಲಿ. ಎರಡು ಸಲ ಹೋಗಿದ್ದ. ಎರಡು ಸಲವೂ ಬಾಗಿಲಿನಿಂದಲೇ ವಾಪಸು ಬಂದಿದ್ದ.

ವೃಷಭೇಂದ್ರ ಎದ್ದ. ಕೂತ. ಮತ್ತೆ ಎದ್ದು ಮೆಟ್ಟಿಲಿಳಿದು ನೀರಿನವರೆಗೆ ಹೋದ. ಬಂದ.

"ಇರುವೆ ಗೂಡಿನ ಮೇಲೆ ಕೂತಿದ್ದೆಯೇನೋ?" ಗುರುಗಳು ಕೇಳಿದರು.

"ಬುದ್ಧಿ, ನಾನು ಈಗಲೇ ಆಚೆಗೆ ಹೋಗ್ಬೇಕು."

"ಯಾಕೆ?"

"ಅವರ ಸಹಿ ಬೇಕು. ಅವರು ಹೋಗಿಬಿಟ್ರೆ ಆ ಪ್ರತಿ ಅರ್ಧವಾಗೇ ಉಳಿದುಬಿಡುತ್ತೆ."

"ಮಿಕ್ಕ ಅರವತ್ತೊಂದು ಪೂರ್ತಿಯೋ?"

"ಪೂರ್ತಿ ಬುದ್ಧಿ. ಎಲ್ಲರೂ ಸಹಿ ಹಾಕಿದಾರೆ."

"ಅರವತ್ತೊಂದು ಜನ! ಏನು ಹೇಳಿದ್ರಯ್ಯ ಅವರೆಲ್ಲ ನಿನಗೆ?"

ವೃಷಭೇಂದ್ರ ಯೋಚಿಸಿದ.

"ಅವರವರ ಹೆಸರು ಹೇಳಿದ್ರು."

ಗುರುಗಳು ಮೊರ ಕೆಳಗಿಟ್ಟು ನಕ್ಕರು. "ಮದುವೆ ಮನೆಗೆ ಹೋಗಿ ಎಲೆ ಎಣಿಸಿಕೊಂಡು ಬಂದ ಹಾಗಾಯ್ತು."

ಅವನು ಒಳಗೆ ಹೋಗಿ ಪುಸ್ತಕ ತಂದ. ಕೈ ತೊಳೆದು, ಒರೆಸಿಕೊಂಡು, ಸುತ್ತಿದ್ದ ಕಾಗದ ಬಿಚ್ಚಿದ.

"ಇದರ ಅಂಚು ಕತ್ತರಿಸಿಲ್ಲ, ನೋಡಿ. ಕೋರ್ಟಿನಿಂದ ತಡೆ ಬರುತ್ತೆ ಅಂತ ಸುದ್ದಿ ಬಂದ ದಿನ, ಹೊಲಿಗೆ ಮುಗಿದಿದ್ದ ಪ್ರತಿಗಳನ್ನ ಹಾಗ್ಹಾಗೇ ಗೋಣಿಚೀಲಕ್ಕೆ ತುಂಬಿ ಪ್ರೆಸ್ಸಿಂದ ಸಾಗಿಸಿದ್ರಂತೆ. ಅಂಚು ಕತ್ತರಿಸೋಕೆ ಪುರಸೊತ್ತೇ ಇರಲಿಲ್ಲ. ಮಡಿಚಿದ ಹಾಳೆ ಮಡಿಚಿದ ಹಾಗೇ ಇದೆ. ಎರಡು ಪುಟ ಹೊರಗೆ, ಎರಡು ಪುಟ ಮಡಿಕೆಯೊಳಗೆ. ಹೀಗೆ ಉಳಿದಿರೋ ಪ್ರತಿ ಇನ್ನೊಂದು ನಾನು ಕಂಡಿಲ್ಲ."

"ಮಡಿಕೆಯೊಳಗೆ ಏನಿದೆ?"

"ಕತ್ತರಿಸಿದ್ರೆ ಇದರ ಹೆಚ್ಚುಗಾರಿಕೆಯೇ ಹೋಯ್ತು ಬುದ್ಧಿ."

"ಏನಿದೆ ಅಂದೆ."

"ಓದಿಲ್ಲ."

ಗುರುಗಳು ಮೊರದ ಹೊಟ್ಟನ್ನು ಊದಿದರು. ಹೆಗಲಿಗೆ ವಸ್ತ್ರ ಹಾಕಿಕೊಂಡರು.

"ನಡಿ. ನನ್ನನ್ನಾದರೆ ಆಕೆ ಒಳಗೆ ಬಿಡ್ತಾರೆ."

ಹರಿಗೋಲಿನಲ್ಲಿ ವೃಷಭೇಂದ್ರನಿಗೆ ಕೂರಲಾಗಲಿಲ್ಲ. ಪುಸ್ತಕವನ್ನು ಎದೆಗೆ ಒತ್ತಿಕೊಂಡು ಒಮ್ಮೆ ಆ ದಡ ನೋಡಿದ, ಒಮ್ಮೆ ಬಿಸಿಲು ನೋಡಿದ. ಹದಿನೈದು ದಿನ ಅಂದದ್ದು ಯಾವತ್ತಿನಿಂದ ಎಂದು ಸಿದ್ದನಾಯಕನನ್ನು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕೇಳಿದ.

"ಅಲ್ಲಾಡ್ಬೇಡಿ ಸ್ವಾಮಿ," ಅಂದ ಸಿದ್ದನಾಯಕ. "ಇದು ಮೊದಲೇ ತಿರುಗೋ ಜಾತಿ."

ಬಾಗಿಲು ತೆರೆದದ್ದು ತಂಗಿಯ ಮಗಳು ಸುಗುಣ. ಗುರುಗಳನ್ನು ಕಂಡು ದಾರಿ ಬಿಟ್ಟಳು.

ತಾರಾಮತಿಯವರು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಎಂಬತ್ತಾರು ವರ್ಷ. ಕಣ್ಣು ಹೋಗಿ ಬಹಳ ದಿನವಾಗಿತ್ತು.

"ಗುರುಮಲ್ಲಯ್ಯನವರಾ? ಜೊತೆಗೆ ಯಾರು? ಒಂದು ಕಡೆ ನಿಲ್ಲೋ ಕಾಲಲ್ಲ ಅದು."

"ನನ್ನ ಶಿಷ್ಯ. ನಿಮ್ಮ ಪುಸ್ತಕ ತಂದಿದಾನೆ."

"'ಗೌರಿಯ ಕೊಡ' ಅಮ್ಮ," ವೃಷಭೇಂದ್ರ ಮುಂದೆ ಬಂದ. "ಮೊದಲ ಮುದ್ರಣ."

ಆಕೆ ದಿಂಬಿನಿಂದ ತುಸು ತಲೆ ಎತ್ತಿದರು.

"ಮೊದಲನೆಯದೇನಾ? ಹನ್ನೆರಡು ಅಧ್ಯಾಯದ್ದು?"

"ಹೌದಮ್ಮ. ಒಂದು ಸಹಿ..."

"ಸಹಿ ಹತ್ತು ಹಾಕ್ತೀನಿ. ಒಂಬತ್ತನೇ ಅಧ್ಯಾಯ ಓದು."

ವೃಷಭೇಂದ್ರ ಗುರುಗಳ ಮುಖ ನೋಡಿದ. ಗುರುಗಳು ಗೋಡೆಗೆ ಒರಗಿ ಕೂತಿದ್ದರು.

"ಗೌರಿ ಅಂದ್ರೆ ನನ್ನ ಅಕ್ಕ," ತಾರಾಮತಿಯವರು ಹೇಳಿದರು. "ಇಪ್ಪತ್ತೆರಡಕ್ಕೆ ಅವಳ ತಲೆ ಬೋಳಿಸಿದ್ರು. ಇಪ್ಪತ್ತಮೂರಕ್ಕೆ ಹಿತ್ತಲ ಬಾವಿಗೆ ಬಿದ್ದಳು. ಊರಿಗೆಲ್ಲ ಗೊತ್ತು ಅದು. ಪುಸ್ತಕದಲ್ಲಿ ಮಾತ್ರ ನಾನು ಹಾಗೆ ಬರೆದಿರಲಿಲ್ಲ ಅಂತ ಒಂದು ನೆನಪು. ಅದಕ್ಕೇ ಅಲ್ವೇ ಅಷ್ಟು ಗಲಾಟೆ ಆದದ್ದು? ಮನೆ ಮಾನ ಹೋಯ್ತು ಅಂತ ಅಣ್ಣ ಕೋರ್ಟಿಗೆ ಹೋದ. ನನ್ನ ಹತ್ತಿರ ಇದ್ದ ಪ್ರತಿಗಳೂ ಕೈಬರಹವೂ ಬಚ್ಚಲ ಒಲೆಗೆ ಹೋದವು."

ಸುಗುಣ ಒಂದು ಲೋಟ ನೀರು ತಂದು ಕುಡಿಸಿದಳು.

"ಎರಡನೇ ಮುದ್ರಣಕ್ಕೆ ಎಂಟೇ ಅಧ್ಯಾಯ. ಕೊನೆಗೆ ಪ್ರಕಾಶಕರೇ ಒಂದು ಸಾಲು ಸೇರಿಸಿದ್ರು. 'ಗೌರಿ ಬಾವಿಗೆ ಬಿದ್ದಳು.' ಐವತ್ತು ವರ್ಷದಿಂದ ಎಲ್ಲರೂ ಓದಿರೋದು ಅದನ್ನೇ. ಬಂದವರೆಲ್ಲ ಬಾವಿ ಬಾವಿ ಅಂದ್ರು. ಕೇಳೀ ಕೇಳೀ, ನಾನೂ ಹಾಗೇ ಬರೆದಿದ್ದೆನೇನೋ ಅನ್ನಿಸೋಕೆ ಶುರುವಾಗಿದೆ. ನಾನು ಅವಳನ್ನ ಏನು ಮಾಡಿದೆ ಅಂತ ತಿಳ್ಕೊಂಡು ಹೋಗ್ಬೇಕು ಮಗು. ಓದು."

ಒಂಬತ್ತನೇ ಅಧ್ಯಾಯ ನೂರ ಇಪ್ಪತ್ತೊಂಬತ್ತನೇ ಪುಟದಲ್ಲಿತ್ತು. ವೃಷಭೇಂದ್ರ ಪುಸ್ತಕವನ್ನು ಅಂಗೈಯಗಲ ಮಾತ್ರ ತೆರೆದು ಓದಿದ.

"'ನಸುಕಿನಲ್ಲೇ ಗೌರಿ ಕೊಡ ಎತ್ತಿಕೊಂಡಳು. ಹಿತ್ತಲ ಬಾಗಿಲ ಅಗಳಿಯನ್ನು ಸದ್ದಾಗದಂತೆ ತೆಗೆದಳು. ಬಾವಿಕಟ್ಟೆಯ ಹತ್ತಿರ ಬಂದು ನಿಂತಳು...'"

ಪುಟ ಮುಗಿಯಿತು. ಮುಂದಿನ ಎರಡು ಪುಟ ಮಡಿಕೆಯೊಳಗಿದ್ದವು.

ಅವನು ಮಡಿಕೆಯನ್ನು ಬೆರಳಿನಿಂದ ತುಸು ಹಿಗ್ಗಿಸಿ, ಒಂದು ಕಣ್ಣು ಮುಚ್ಚಿ, ಬೊಂಬಿನೊಳಗೆ ಇಣುಕುವಂತೆ ಇಣುಕಿದ. ನಾಲ್ಕು ಅಕ್ಷರ ಕಂಡವು. ಬಿಟ್ಟುಬಿಟ್ಟ. ದನಿ ಬದಲಿಸದೆ ನೂರ ಮೂವತ್ತೆರಡನೇ ಪುಟಕ್ಕೆ ಹೋದ.

"'ಕಾಫಿ ಎಲ್ಲಿ ಎಂದು ಅಣ್ಣ ಒಳಗಿನಿಂದಲೇ ಕೂಗಿದ. ಯಾರೂ ಓಗೊಡಲಿಲ್ಲ...'"

"ನಿಲ್ಲು."

ಅವನು ನಿಲ್ಲಿಸಿದ.

"ಬಾವಿಕಟ್ಟೆ ಹತ್ತಿರ ನಿಂತಿದ್ದಳು. ಈಗ ಅಣ್ಣ ಕಾಫಿ ಕೇಳ್ತಿದಾನೆ. ನಡುವೆ ಅವಳು ಎಲ್ಲಿಗೆ ಹೋದಳು?"

"ಮುಂದೆ ಬರುತ್ತೇನೋ ಅಮ್ಮ."

"ಕಣ್ಣು ಹೋಗಿದೆ, ಕಿವಿ ಇದೆ ನನಗೆ."

ವೃಷಭೇಂದ್ರ ತಲೆ ತಗ್ಗಿಸಿದ. "ನಡುವಿನ ಎರಡು ಪುಟ ಮುಚ್ಚಿವೆ."

"ಯಾರು ಮುಚ್ಚಿದ್ದು? ಅಣ್ಣನಾ?"

"ಇಲ್ಲಮ್ಮ. ಯಾರೂ ತೆರೆದಿಲ್ಲ."

"ನಿನ್ನ ಕೈಗೆ ಬಂದು ಎಷ್ಟು ವರ್ಷ ಆಯ್ತು ಇದು?"

"ಹನ್ನೊಂದು."

"ಹನ್ನೊಂದು ವರ್ಷದಿಂದ ನನ್ನ ಅಕ್ಕನ್ನ ಬಾವಿಕಟ್ಟೆ ಹತ್ತಿರ ನಿಲ್ಲಿಸ್ಕೊಂಡಿದ್ದೀಯಲ್ಲೋ!"



ಗುರುಗಳು ಅಡುಗೆಮನೆಯ ಕಡೆ ತಿರುಗಿದರು. "ತಾಯೀ, ಒಂದು ಚಾಕು ಬೇಕಾಗಿತ್ತು."

"ಹಣ್ಣು ಹೆಚ್ಚೋಕಾ ಬುದ್ಧಿ?" ಸುಗುಣ ಕೇಳಿದಳು.

"ಅಲ್ಲಮ್ಮ. ಒಬ್ಬರು ಒಳಗೆ ಸಿಕ್ಕಿಕೊಂಡಿದಾರೆ."

ಚಾಕು ಬಂತು. ಗುರುಗಳು ಅದನ್ನು ಶಿಷ್ಯನ ಮುಂದೆ ನೆಲದ ಮೇಲಿಟ್ಟರು.

"ಬುದ್ಧಿ, ಒಂದು ಸಲ ಕತ್ತರಿಸಿದ್ರೆ ಮತ್ತೆ ಸೇರಿಸೋಕಾಗಲ್ಲ," ಅವನು ಮೆಲ್ಲಗೆ ಹೇಳಿದ.

"ಅಕ್ಕಿ ಬೇಯಿಸಿದ ಮೇಲೂ ಹಾಗೇ."

"ಮೊದಲು ಸಹಿ ಹಾಕಿಸ್ಕೊಂಡು ಆಮೇಲೆ..."

"ಕೇಳಿ ನೋಡು."

ಅವನು ಮಂಚದ ಕಡೆ ನೋಡಿದ. ತಾರಾಮತಿಯವರ ಮುಖ ಅವನ ಕಡೆಗಿತ್ತು. ತುಟಿ ಅಲ್ಲಾಡುತ್ತಿದ್ದವು. ದನಿ ಇರಲಿಲ್ಲ. ಹೊದಿಕೆಯ ಮೇಲಿದ್ದ ಕೈ, ಹಗ್ಗ ಹಿಡಿದವರ ಕೈಯಂತೆ, ಬಿಗಿಯಾಗಿ ಮುಷ್ಟಿ ಕಟ್ಟಿತ್ತು.

ಅವನು ಕೇಳಲಿಲ್ಲ. ಚಾಕು ತೆಗೆದುಕೊಂಡ.

ಹಳೆಯ ಕಾಗದ ಸದ್ದು ಮಾಡುತ್ತ ಬಿಟ್ಟುಕೊಂಡಿತು. ಅಂಚು ನೆಟ್ಟಗೆ ಬರಲಿಲ್ಲ. ಪುಡಿ ಅವನ ಮಡಿಲಿಗೆ ಉದುರಿತು. ಒಳಗಿನ ಎರಡು ಪುಟ ಹೊರಗಿನವಕ್ಕಿಂತ ಬೆಳ್ಳಗಿದ್ದವು.

"'ಹಗ್ಗ ಮುಟ್ಟಲಿಲ್ಲ,'" ಅವನು ಓದಿದ. "'ಕೊಡವನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬೇಲಿಯ ಕಂಡಿಯಲ್ಲಿ ನುಸುಳಿ, ಗದ್ದೆಯ ಬದುವಿನ ಮೇಲೆ ಹೊಳೆಯ ಕಡೆಗೆ ನಡೆದಳು.'"

ತಾರಾಮತಿಯವರು ಕೈ ಎತ್ತಿದರು.

"ಮತ್ತೆ ಓದು."

ಓದಿದ.

"ಇನ್ನೊಂದು ಸಲ."

ಓದಿದ.

"ಬೇಲಿ ಕಂಡಿ," ಆಕೆ ಅಂದರು. "ಅಲ್ಲಿ ಒಂದು ಕಂಡಿ ಇತ್ತು, ನಿಜವಾಗ್ಲೂ ಇತ್ತು. ನಾವಿಬ್ಬರೂ ನೆಲ್ಲಿಕಾಯಿಗೆ ಹೋಗ್ತಿದ್ದದ್ದು ಅಲ್ಲಿಂದಲೇ. ಅವಳು ಮುಂದೆ, ನಾನು ಹಿಂದೆ. ಅಲ್ಲಿಂದಲೇ ಕಳಿಸಿದೀನಿ ನೋಡು ಅವಳನ್ನ."

ಆಮೇಲೆ, "ಹೂಂ, ಮುಂದೆ," ಅಂದರು.

ಅವನು ಓದಿದ. ಮಡಿಕೆ ಬಂದಾಗ ಕತ್ತರಿಸಿದ. ಮೊದಮೊದಲು ಅಂಚಿನ ಮೇಲೆ ಕಣ್ಣಿಟ್ಟು ಕತ್ತರಿಸುತ್ತಿದ್ದ. ಗೌರಿ ಗದ್ದೆ ದಾಟುವ ಹೊತ್ತಿಗೆ ಅಂಚು ನೋಡುವುದನ್ನು ಬಿಟ್ಟ. ಪುಸ್ತಕ ಪೂರ್ತಿ ತೆರೆದು ಅವನ ತೊಡೆಯ ಮೇಲಿತ್ತು. ಬೆನ್ನಿನ ಅಂಟು ಒಂದು ಕಡೆ ಬಿರಿದಿತ್ತು.

ಅಧ್ಯಾಯದ ಕೊನೆಗೆ ಗೌರಿ ಹರಿಗೋಲು ಹತ್ತಿದಳು.

"'ಯಾವೂರಿಗೆ ತಾಯಿ? ಎಂದು ಅಂಬಿಗ ಕೇಳಿದ. ನೀನು ಮೊದಲು ಹುಟ್ಟು ಹಾಕಪ್ಪ ಎಂದಳು ಗೌರಿ.'"

ಅವನು ತಲೆ ಎತ್ತಿದ. ತಾರಾಮತಿಯವರ ಕತ್ತು ದಿಂಬಿನ ಮೇಲೆ ವಾಲಿತ್ತು. ಮುಷ್ಟಿ ಬಿಚ್ಚಿತ್ತು.

ಅವನು ಗಾಬರಿಯಿಂದ ಎದ್ದ. ಸುಗುಣ ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು.

"ನಿದ್ದೆ," ಅಂದಳು. "ಎಂಟು ದಿನದಿಂದ ಕಣ್ಣು ಮುಚ್ಚಿರಲಿಲ್ಲ."

ಮೂವರೂ ಸದ್ದಾಗದಂತೆ ಹೊರಗೆ ಬಂದರು.

ಇಳಿಬಿಸಿಲಿನಲ್ಲಿ ಸಿದ್ದನಾಯಕ ಕಾಯುತ್ತಿದ್ದ. ಪುಸ್ತಕವನ್ನು ಗುರುಗಳ ಕೈಗೆ ಕೊಟ್ಟು ವೃಷಭೇಂದ್ರ ಹರಿಗೋಲಿಗೆ ಇಳಿದ. ಹೊಳೆಯ ನಡುವಿನವರೆಗೆ ಅಲ್ಲಾಡದೆ ಕೂತಿದ್ದ.

ನಡುವಿಗೆ ಬಂದಾಗ ತಟ್ಟನೆ ಎದ್ದು ನಿಂತ.

"ಬುದ್ಧಿ! ಸಹಿ!"

ಹರಿಗೋಲು ವಾಲಿತು. "ಕೂತ್ಕೊಳಿ ಸ್ವಾಮಿ, ಮೂರು ಜನದ್ದೂ ತಿಥಿ ಮಾಡಿಸ್ಬುಟ್ಟೀರಿ!" ಸಿದ್ದನಾಯಕ ಕೂಗಿದ. ಆಮೇಲೆ ಕೇಳಿದ, "ಏನು, ವಾಪಸು ತಿರುಗಿಸ್ಲಾ?"

ಗುರುಗಳು ಶಿಷ್ಯನ ಕಡೆ ನೋಡಿದರು.

ವೃಷಭೇಂದ್ರ ಬಿಟ್ಟು ಬಂದ ದಡವನ್ನು ನೋಡಿದ. ಮನೆಯ ಹೆಂಚು ಕಾಣುತ್ತಿತ್ತು.

"ನಾಳೆಗೆ ಇರ್ತಾರೋ ಇಲ್ವೋ," ಅಂದ.

"ಇರ್ತಾರೋ ಇಲ್ವೋ," ಗುರುಗಳು ಅಂದರು.

"ಈಗ ಹೋದ್ರೆ ಎಬ್ಬಿಸ್ಬೇಕಾಗುತ್ತೆ."

"ಹೌದು."

ಅವನು ಕೂತ. "ನಡಿಯಪ್ಪ," ಎಂದು ಸಿದ್ದನಾಯಕನಿಗೆ ಹೇಳಿದ.

ಕೂತರೂ ಕೈ ಸುಮ್ಮನಿರಲಿಲ್ಲ. ಪಂಚೆಯ ಅಂಚನ್ನು ಮಡಿಚುತ್ತಿದ್ದ, ಬಿಚ್ಚುತ್ತಿದ್ದ. ಗುರುಗಳ ಮಡಿಲಲ್ಲಿದ್ದ ಪುಸ್ತಕದ ಕಡೆ ನೋಡುತ್ತಿದ್ದ, ನೀರಿನ ಕಡೆ ನೋಡುತ್ತಿದ್ದ.

"ಬುದ್ಧಿ."

"ಹೂಂ."

"ಗೌರಿ ಆಚೆ ದಡ ಮುಟ್ಟಿದಳಾ?"

ಗುರುಗಳು ಪುಸ್ತಕ ತೆರೆದರು. ಕತ್ತರಿಸಿದ ಕೊನೆಯ ಹಾಳೆಯನ್ನು ಹುಡುಕಿ, ಅದನ್ನು ಮಗುಚಿದರು.

"ಹತ್ತನೇ ಅಧ್ಯಾಯ ನೂರ ನಲವತ್ತೈದನೇ ಪುಟದಲ್ಲಿದೆ," ಅಂದರು.