ಉಳ್ಳಾಗಡ್ಡಿ ಪುಸ್ತಕದ ಹೊಟ್ಟೆಯಲ್ಲಿ ಸೋಬಾನೆ

ಊರ ಗ್ರಂಥಾಲಯದ ನಾಲ್ಕು ಸಾವಿರ ಹಳೆಯ ಕಾರ್ಡುಗಳ ವಿವರವನ್ನು ಹೊಸ ಪದ್ಧತಿಗೆ ಬದಲಿಸಿ ಕಂಪ್ಯೂಟರಿಗೆ ಸೇರಿಸುವ ಕೆಲಸ ಅಲ್ಲಿಗೆ ಹೊಸದಾಗಿ ಬಂದ ಗ್ರಂಥಪಾಲಕಿ ಶಿವಲೀಲಾಳ ಪಾಲಿಗೆ ಬಂತು. ಪುಸ್ತಕದ ಹೆಸರಿಗೊಂದು ಕಲಂ, ಲೇಖಕರಿಗೊಂದು, ವಿಷಯಕ್ಕೊಂದು. ತುಂಬುತ್ತ ಹೋದರಾಯಿತು. ಆದರೆ ನಿವೃತ್ತ ಗ್ರಂಥಪಾಲಕ ಗುರುಸಿದ್ದಪ್ಪನವರು ಕೆಲವು ಕಾರ್ಡುಗಳ ಕೆಳಗೆ ಕೆಂಪು ಶಾಯಿಯಲ್ಲಿ ಏನೇನೋ ಬರೆದಿಟ್ಟಿದ್ದರು. ಹೊಸ ಪದ್ಧತಿಯಲ್ಲಿ ಅದಕ್ಕೂ 'ಟಿಪ್ಪಣಿ' ಎಂಬ ಕಲಂ ಇತ್ತು, ಕಡ್ಡಾಯವೇನಲ್ಲ.

"ಅಜ್ಜಾರಿಗೆ ಬ್ಯಾರೆ ಕೆಲಸ ಇರಲಿಲ್ಲ ಕಾಣ್ತದ" ಎಂದು ನಕ್ಕು, ಶಿವಲೀಲಾ ಆ ಸಾಲುಗಳನ್ನೆಲ್ಲ ಬಿಟ್ಟಳು. ಎರಡು ತಿಂಗಳ ಕೆಲಸ ಮೂರೇ ವಾರಕ್ಕೆ ಮುಗಿಯಿತು. ಮೇಲಧಿಕಾರಿ ಭೇಷ್ ಅಂದರು. ಕಾರ್ಡುಗಳು ರದ್ದಿಯವನಿಗೆಂದು ಚೀಲ ಸೇರಿದವು.

ಮರುದಿನ ಬೆಳಿಗ್ಗೆ ಬಸಲಿಂಗವ್ವ ಎಂಬ ಮುದುಕಿ ಬಂದಳು.

"ನಮ್ಮವ್ವ ಹಾಡತಿದ್ದ ಸೋಬಾನಿ ಪದ ಅಚ್ಚು ಹಾಕಿಸಿದ್ರು ತಂಗಿ. ಉಳಿದದ್ದು ಒಂದ ಪ್ರತಿ, ಅದನ್ನ ಇಲ್ಲೇ ಕೊಟ್ಟೇವಿ. ನಾಳೆ ಮೊಮ್ಮಗಳ ಮದುವಿ. ನನಗ ಮೊದಲಿನ ನಾಕು ಸಾಲಷ್ಟ ನೆನಪದಾವ."

ಶಿವಲೀಲಾ ಹುಡುಕಿದಳು. ಕಂಪ್ಯೂಟರು ಇಲ್ಲ ಅಂದಿತು. ಮುದುಕಿಯ ಮುಖ ಬಾಡಿತು.

"ಹೋಗಲಿ ಬಿಡು. ನಮ್ಮವ್ವನ ಪದ ನಮ್ಮವ್ವನ ಕೂಡನ ಹೋದವು."

ಅಷ್ಟರಲ್ಲಿ ರದ್ದಿಯವನು ಬಾಗಿಲಿಗೆ ಬಂದು ಚೀಲಕ್ಕೆ ಕೈಹಾಕಿದ. ತಾನು ಬಿಟ್ಟ ಕೆಂಪು ಸಾಲುಗಳು ಶಿವಲೀಲಾಳಿಗೆ ನೆನಪಾದವು. ಸುಮ್ಮನಿದ್ದರೆ ಅವಳ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಏ ಯಣ್ಣಾ, ಕೆಳಗಿಡು!" ಎಂದು ಕೂಗಿದಳು. ಚೀಲ ಸುರುವಿ, ಮುದುಕಿಯನ್ನೂ ಪಕ್ಕಕ್ಕೆ ಕೂಡಿಸಿಕೊಂಡು ಒಂದೊಂದೇ ಕಾರ್ಡು ನೋಡತೊಡಗಿದಳು. ಮಧ್ಯಾಹ್ನದ ಹೊತ್ತಿಗೆ 'ಉಳ್ಳಾಗಡ್ಡಿ ಬೆಳೆಯುವ ಬಗೆ' ಎಂಬ ಈರುಳ್ಳಿ ಬೇಸಾಯದ ಪುಸ್ತಕದ ಕಾರ್ಡು ಸಿಕ್ಕಿತು. ಕೆಳಗೆ ಕೆಂಪು ಸಾಲು: 'ಸೋಬಾನೆ ಪದಗಳ ಪುಸ್ತಕ ತೀರ ತೆಳ್ಳಗಿದೆ, ಹರಿದೀತು. ಇದರ ಹಿಂದೆಯೇ ಸೇರಿಸಿ ಹೊಲಿಸಿದ್ದೇನೆ.'

ಶಿವಲೀಲಾ ಕಪಾಟಿಗೆ ಓಡಿದಳು. ಉಳ್ಳಾಗಡ್ಡಿ ಮುಗಿದ ಪುಟದ ಮಗ್ಗುಲಲ್ಲೇ ಸೋಬಾನೆ!

"ಅಯ್ಯ ನನ್ನವ್ವಾ! ಇಷ್ಟು ವರ್ಷ ಉಳ್ಳಾಗಡ್ಡಿ ಹೊಲದಾಗ ಕುಂತಿದ್ದೇನ?" ಎಂದು ಬಸಲಿಂಗವ್ವ ಅಳುತ್ತಳುತ್ತ ನಕ್ಕಳು.

ಮರುದಿನ ಮದುವೆ ಚಪ್ಪರದಲ್ಲಿ ಶಿವಲೀಲಾ ಪುಸ್ತಕ ಹಿಡಿದು ಸಾಲು ಸಾಲಾಗಿ ಓದಿ ಹೇಳಿದಳು. ಹೆಂಗಸರೆಲ್ಲ ದನಿಗೂಡಿಸಿದರು. ಸೋಮವಾರ ಗುರುಸಿದ್ದಪ್ಪನವರನ್ನು ಕರೆತಂದು, ಚಹಾ ಕೊಟ್ಟು, ಮೊದಲ ಕಾರ್ಡಿನಿಂದ ಮತ್ತೆ ಶುರುಮಾಡಿದಳು. ಈ ಸಲ ಕೆಂಪು ಶಾಯಿಯ ಒಂದು ಅಕ್ಷರವನ್ನೂ ಬಿಡಲಿಲ್ಲ.

ನೀತಿ: ಹಳೆಯದನ್ನು ಹೊಸ ಅಚ್ಚಿಗೆ ಹಾಕುವಾಗ ಅವಸರ ಬೇಡ. ಇನ್ನೊಬ್ಬರು ಕಾಳಜಿಯಿಂದ ಬರೆದಿಟ್ಟ ಒಂದು ಸಾಲು ನಮಗೆ ಕಡ್ಡಾಯವಲ್ಲದಿರಬಹುದು, ಆದರೆ ಅದು ಯಾರದೋ ತಾಯಿಯ ಹಾಡಾಗಿರಬಹುದು.